ಮೆಣಸಿನಕಾಯಿಯಿಂದ ಲಿಸ್ಬನ್‌ವರೆಗೆ: ನಗರ್ತಪೇಟೆಯಿಂದ ಹೊರಡುವ ಓದುಗರಿಗೊಂದು ಕೈಪಿಡಿ

‘ಒಂದು ಒಳ್ಳೇ ಪುಸ್ತಕ ಹೇಳಿ’ ಎಂದು ಕೇಳಿದರೆ ಸಿಗುವ ಉತ್ತರ ಬಹುಪಾಲು ಒಂದೇ ಥರ. ಕೇಳಿದವರು ಕಾದಂಬರಿ ಓದುವವರಾದರೆ ಇನ್ನೊಂದು ಕಾದಂಬರಿ, ಪತ್ತೇದಾರಿ ಓದುವವರಾದರೆ ಇನ್ನೊಂದು ಪತ್ತೇದಾರಿ, ವಚನ ಓದುವವರಾದರೆ ಇನ್ನೊಂದು ವಚನ ವ್ಯಾಖ್ಯಾನ. ಹೀಗೆ ಓದುತ್ತ ಹೋದವರು ಎಷ್ಟೋ ವರ್ಷ ಕಳೆದ ಮೇಲೂ ಅದೇ ಕಪಾಟಿನ ಎದುರು ನಿಂತಿರುತ್ತಾರೆ. ಆಮೇಲೆ ‘ಈಗ ಒಳ್ಳೆಯದು ಬರುತ್ತಲೇ ಇಲ್ಲ’ ಎಂಬ ದೂರು ಶುರುವಾಗುತ್ತದೆ. ಬರುತ್ತಿರುತ್ತದೆ, ಪಕ್ಕದ ಕಪಾಟಿನಲ್ಲಿರುತ್ತದೆ, ಅಷ್ಟೆ.

ಕಪಾಟು ದಾಟಲು ಸುಲಭದ ಉಪಾಯವೆಂದರೆ ಪುಸ್ತಕದ ಪ್ರಕಾರವನ್ನು ಬಿಟ್ಟು, ಮನಸ್ಸಿನಲ್ಲಿ ಎದ್ದ ಪ್ರಶ್ನೆಯನ್ನು ಹಿಂಬಾಲಿಸುವುದು. ಪ್ರಶ್ನೆಗೆ ಕತೆ, ಚರಿತ್ರೆ, ವಿಜ್ಞಾನ, ಪ್ರವಾಸ ಎಂಬ ಭೇದವಿಲ್ಲ. ಅದು ಹೇಳಿದ ಕಡೆ ಹೋದರೆ ಸಾಕು, ಪ್ರಕಾರಗಳು ತಾವಾಗಿಯೇ ಬದಲಾಗುತ್ತವೆ. ಈ ಲೇಖನದ ಮೊದಲ ಅರ್ಧದಲ್ಲಿ ಅಂಥ ಕೆಲವು ಜಾಡುಗಳಿವೆ. ಉಳಿದರ್ಧದಲ್ಲಿ ಪುಸ್ತಕ ಎಲ್ಲಿ ಸಿಗುತ್ತದೆ, ಹಳೆಯದನ್ನು ಹೇಗೆ ನೋಡಿ ಕೊಳ್ಳಬೇಕು, ಓದಿದ್ದನ್ನು ಇನ್ನೊಬ್ಬರಿಗೆ ಹೇಗೆ ದಾಟಿಸಬೇಕು ಎಂಬ ವಿವರಗಳಿವೆ.

ನಗರ್ತಪೇಟೆಯಿಂದಲೇ ಏಕೆ ಹೊರಡಬೇಕು? ಬೆಂಗಳೂರಿನ ಪುಸ್ತಕಲೋಕದ ಮುಖ್ಯ ಠಾಣೆಗಳೆಲ್ಲ ಈ ಪೇಟೆಯ ಸುತ್ತಲೇ ಇವೆ. ಒಂದು ಕಡೆ ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆ, ಇನ್ನೊಂದು ಕಡೆ ಪುರಭವನ ದಾಟಿದರೆ ಜೆ.ಸಿ. ರಸ್ತೆ. ಚಾಮರಾಜಪೇಟೆಯ ಬಡಾವಣೆ 1892ರದು. ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗಿನ ಹೊತ್ತಿಗೆ ರೂಪುಗೊಂಡವು. ಪೇಟೆಯ ಇಕ್ಕಟ್ಟಿನಿಂದ ಹೊರಟ ಕುಟುಂಬಗಳು ಅಲ್ಲಿ ನೆಲೆಸಿದ ಮೇಲೆ ಬರಹಗಾರರೂ ಸಂಸ್ಥೆಗಳೂ ಆ ಕಡೆ ಬೆಳೆದವು. ವ್ಯಾಪಾರ ಪೇಟೆಯಲ್ಲೇ ಉಳಿಯಿತು. ಹಳೆಯ ಕನ್ನಡ ಪುಸ್ತಕಗಳ ಮೊದಲ ಪುಟ ತೆರೆದರೆ ಚಿಕ್ಕಪೇಟೆಯ ಟಿ.ಎನ್. ಕೃಷ್ಣಯ್ಯಶೆಟ್ಟಿ, ಕೋಟೆಯ ಸತ್ಯಶೋಧನ ಪುಸ್ತಕ ಭಂಡಾರದಂಥ ಹೆಸರುಗಳು ಕಾಣುತ್ತವೆ.

ಜಾಡು ಒಂದು: ಅಡುಗೆಮನೆಯ ಖಾರ

ಸಾರಿಗೆ ಹಾಕುವ ಮೆಣಸಿನಕಾಯಿ ನಮ್ಮದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಬಂದದ್ದು ಹೇಗೆ? ಈ ಪ್ರಶ್ನೆಯನ್ನು ಮೊದಲು ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಪುಸ್ತಕಕ್ಕೆ ಒಯ್ಯಿರಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸ್ವಾಮಿ, ದೂರದ ಖಂಡದ ಗಿಡಗಳು ನಮ್ಮ ತಟ್ಟೆ ಸೇರಿದ ಬಗೆಯನ್ನು ನಗಿಸುತ್ತ ಹೇಳುತ್ತಾರೆ. ಶಾಲೆಯಲ್ಲಿ ಸಸ್ಯಶಾಸ್ತ್ರವೆಂದರೆ ಓಡಿಹೋಗುತ್ತಿದ್ದವರೂ ಇದನ್ನು ಕೈಯಿಂದ ಇಳಿಸುವುದಿಲ್ಲ.

ಮೆಣಸಿನಕಾಯಿಯನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಅವರ ಹಡಗು ಹೊರಟ ಊರನ್ನು ನೋಡಬೇಕೆನಿಸಿದರೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ತೆರೆಯಿರಿ. ಲಿಸ್ಬನ್ನಿನ ತೇಜೋ ನದಿಯ ದಡದಲ್ಲಿ ಹುಟ್ಟಿದ ಕತೆ ಗೋವಾ ದಾಟಿ ವಿಜಯನಗರಕ್ಕೆ ಬರುತ್ತದೆ. ಸಸ್ಯಶಾಸ್ತ್ರದಿಂದ ಹೊರಟವರು ಚಾರಿತ್ರಿಕ ಕಾದಂಬರಿಗೆ ಬಂದಿರುತ್ತೀರಿ.

ಆ ಕಾದಂಬರಿಯ ಲಿಸ್ಬನ್ನಿನಲ್ಲಿ ಯಹೂದಿಗಳ ಮೇಲೆ ನಡೆಯುವ ಹಿಂಸೆ ನಿಮ್ಮನ್ನು ಬಿಡದೆ ಕಾಡಿದರೆ ಮುಂದಿನ ಪುಸ್ತಕ ನೇಮಿಚಂದ್ರರ ‘ಯಾದ್ ವಶೇಮ್’. ನಾಜಿಗಳಿಂದ ತಪ್ಪಿಸಿಕೊಂಡು ಬೆಂಗಳೂರು ಸೇರಿದ ಹುಡುಗಿಯೊಬ್ಬಳ ಬದುಕು ಅದು. ನಾಲ್ಕು ಶತಮಾನ ಮುಂದೆ ಬಂದು, ನಿಮ್ಮದೇ ಊರಿಗೆ ತಲುಪಿದಿರಿ. ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದ ನೇಮಿಚಂದ್ರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಪ್ರವಾಸ ಕಥನವನ್ನೂ ಬರೆದಿದ್ದಾರೆ. ಅದನ್ನು ಓದಿದರೆ ಸ್ವಾಮಿಯವರ ಗಿಡಗಳ ತವರುನೆಲಕ್ಕೇ ಹೋದಂತಾಯಿತು.

ಇದೇ ಜಾಡಿಗೆ ಎರಡು ಕವಲುಗಳಿವೆ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಒಂದು ರೋಚಕ ಕಾದಂಬರಿ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂತೆ ಕಾಣುವ ವಸ್ತುವಿನ ಸುತ್ತ ಹೆಣೆದದ್ದು. ಮುಸುಕಿನ ಜೋಳವೂ ಅಮೆರಿಕದ್ದೇ; ಹಾಗಾದರೆ ಕೊಲಂಬಸನಿಗೂ ಮೊದಲಿನ ಶಿಲ್ಪದಲ್ಲಿ ಅದೇನು? ಇನ್ನೊಂದು ಕವಲು ಹಿಂದಕ್ಕೆ ಹೋಗುತ್ತದೆ: ಮೂರನೆಯ ಮಂಗರಸನ ‘ಸೂಪಶಾಸ್ತ್ರ’, ಪದ್ಯದಲ್ಲಿ ಬರೆದ ಅಡುಗೆ ಪುಸ್ತಕ. ಹಳಗನ್ನಡ ಎಂದು ಹೆದರಬೇಕಿಲ್ಲ. ಗದ್ಯಾನುವಾದವಿರುವ ಆವೃತ್ತಿ ಹಿಡಿದು, ಅಂದಿನ ಅಡುಗೆಯಲ್ಲಿ ಖಾರಕ್ಕೆ ಏನು ಹಾಕುತ್ತಿದ್ದರು ಎಂದಷ್ಟೇ ಹುಡುಕುತ್ತ ಹೋಗಿ.

ಜಾಡು ಎರಡು: ಒಂದೇ ಮನೆಯ ಹಲವು ಕಪಾಟು

ಕನ್ನಡದಲ್ಲಿ ಒಂದೇ ಮನೆಯವರು ಬೇರೆಬೇರೆ ಪ್ರಕಾರಗಳಲ್ಲಿ ಬರೆದ ಉದಾಹರಣೆಗಳು ಬೇಕಾದಷ್ಟಿವೆ. ಇಷ್ಟವಾದ ಲೇಖಕರ ಮನೆಯ ಇನ್ನೊಬ್ಬರನ್ನು ಓದುವುದು ಕಪಾಟು ದಾಟುವ ಭರವಸೆಯ ದಾರಿ.

ಬಸವನಗುಡಿಯ ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ (1943) ಇಲ್ಲದ ಮನೆ ಈ ಸೀಮೆಯಲ್ಲಿ ಕಡಿಮೆ. ಕಗ್ಗಕ್ಕೇ ನಿಲ್ಲದೆ ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ಗೆ ಬನ್ನಿ. ದಿವಾನರು, ವೈದಿಕರು, ಸಂಗೀತಗಾರರು, ಸಾಮಾನ್ಯ ಜನ ಎಲ್ಲರೂ ಅಲ್ಲಿದ್ದಾರೆ. ಕಗ್ಗ ಕಠಿಣ ಎನ್ನುವವರಿಗೆ ಇದೇ ಮೊದಲ ಬಾಗಿಲು. ಅಲ್ಲಿಂದ ಅವರ ಮಗನ ಪುಸ್ತಕಗಳು. ಮೇಲೆ ಹೇಳಿದ ಬಿ.ಜಿ.ಎಲ್. ಸ್ವಾಮಿಯೇ ಆ ಮಗ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥನ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಎರಡನೆಯ ಮನೆ ನಿರಂಜನರದು. ಕಯ್ಯೂರಿನ ರೈತ ಹೋರಾಟವನ್ನೂ 1943ರಲ್ಲಿ ಗಲ್ಲಿಗೇರಿದ ನಾಲ್ವರನ್ನೂ ಕುರಿತ ‘ಚಿರಸ್ಮರಣೆ’ ಅವರ ಕಾದಂಬರಿ; ಕಾಸರಗೋಡಿನ ಸೀಮೆಯನ್ನು ಬೆಂಗಳೂರಿನ ಓದುಗರಿಗೆ ಅದು ಪರಿಚಯಿಸಿತು. ಪತ್ನಿ ಅನುಪಮಾ ನಿರಂಜನ ವೈದ್ಯೆ. ‘ತಾಯಿ ಮಗು’ವಿನಂಥ ಆರೋಗ್ಯದ ಪುಸ್ತಕಗಳ ಜತೆಗೆ ಕಾದಂಬರಿಗಳನ್ನೂ, ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ಯನ್ನೂ ಬರೆದರು. ಮಗಳು ತೇಜಸ್ವಿನಿ ನಿರಂಜನ ಅನುವಾದಕಿ. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳನ್ನು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಹೆಸರಿನಲ್ಲಿ ಅವರು ಇಂಗ್ಲಿಷಿಗೆ ತಂದರು; 2018ರ ಡಿ.ಎಸ್.ಸಿ. ಪ್ರಶಸ್ತಿ ಆ ಪುಸ್ತಕಕ್ಕೆ ಸಂದಿತು. ಒಂದು ಮನೆಯಿಂದ ಕಾದಂಬರಿ, ಆರೋಗ್ಯ, ಮಕ್ಕಳ ಕತೆ, ಅನುವಾದ ನಾಲ್ಕೂ ಸಿಕ್ಕವು.

ಕುಪ್ಪಳಿಯ ಮನೆಯದು ಎಲ್ಲರಿಗೂ ಗೊತ್ತಿರುವ ದಾರಿ: ಕುವೆಂಪು ಅವರಿಂದ ಪೂರ್ಣಚಂದ್ರ ತೇಜಸ್ವಿಗೆ. ಆದರೆ ‘ಕರ್ವಾಲೊ’ ಓದಿ ನಿಲ್ಲಬೇಡಿ. ಕೆನ್ನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ತೇಜಸ್ವಿ ‘ಕಾಡಿನ ಕತೆಗಳು’ ಆಗಿ ಕನ್ನಡಕ್ಕೆ ತಂದರು. ಆ ಆಂಡರ್ಸನ್ ಬದುಕಿದ್ದು ಬೆಂಗಳೂರಿನಲ್ಲೇ.

ಜಾಡು ಮೂರು: ಪತ್ತೇದಾರಿಯಿಂದ ಶಾಸನಕ್ಕೆ

ಪತ್ತೇದಾರಿ ಓದನ್ನು ಬಚ್ಚಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಶಾಲೆಯ ಕೆಲವೇ ತರಗತಿ ಕಲಿತ ಎನ್. ನರಸಿಂಹಯ್ಯನವರು ‘ಪತ್ತೇದಾರ ಪುರುಷೋತ್ತಮ’ನಿಂದ ಆರಂಭಿಸಿ ನೂರಾರು ಕಾದಂಬರಿ ಬರೆದು, ಪುಸ್ತಕವನ್ನೇ ಮುಟ್ಟದಿದ್ದವರನ್ನು ಓದುಗರನ್ನಾಗಿ ಮಾಡಿದರು. ಹಳದಿ-ಕೆಂಪು ಬಣ್ಣದ ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಟಿ.ಕೆ. ರಾಮರಾವ್ ಎಂದೊಡನೆ ‘ಬಂಗಾರದ ಮನುಷ್ಯ’ ನೆನಪಾಗುತ್ತದೆ. ಆದರೆ ಅವರು ಓದುಗರನ್ನು ಹಿಡಿದಿಟ್ಟದ್ದು ರಹಸ್ಯ ಕಾದಂಬರಿಗಳಿಂದ.

ಇಲ್ಲಿಂದ ಮುಂದಿನ ಮೆಟ್ಟಿಲು ತೇಜಸ್ವಿಯವರ ‘ಚಿದಂಬರ ರಹಸ್ಯ’. ಸಾವಿನ ತನಿಖೆ, ಏಲಕ್ಕಿ ಬೆಳೆಯ ಕುಸಿತ, ಊರಿನ ಜಾತಿ ರಾಜಕೀಯ, ಹರೆಯದ ಪ್ರೇಮ ಎಲ್ಲ ಸೇರಿದ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿಯ ರುಚಿಗೆ ಓದಲು ಕೂತವರು ಸಮಾಜವನ್ನು ಓದಿ ಏಳುತ್ತಾರೆ. ಆಮೇಲೆ ಗಣೇಶಯ್ಯನವರ ‘ಕರಿಸಿರಿಯಾನ’, ವಿಜಯನಗರದ ಸಂಪತ್ತಿನ ಬೆನ್ನು ಹತ್ತಿದ ಕತೆ. ಅವರು ಕತೆಯ ಜತೆಗೇ ಆಕರಗಳನ್ನೂ ಕೊಡುತ್ತಾರೆ. ಅಡಿಟಿಪ್ಪಣಿಗಳನ್ನು ಹಾರಿಸಬೇಡಿ, ನಿಮ್ಮ ಮುಂದಿನ ಪುಸ್ತಕಗಳು ಅಲ್ಲಿವೆ.

ಶಾಸನಗಳ ರುಚಿ ಹತ್ತಿದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಇದೆ. 1909ರಲ್ಲಿ ಹುಟ್ಟಿದ ಸಂಸ್ಥೆ. ಬೆಂಗಳೂರು ಸೀಮೆಯ ಶಿಲಾಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನೂ ಅದು ಕೈಗೆತ್ತಿಕೊಂಡಿದೆ. ಪತ್ತೇದಾರ ಪುರುಷೋತ್ತಮನಿಂದ ಹೊರಟವರಿಗೆ ಇದೂ ಒಂದು ತನಿಖೆಯೇ.

ಜಾಡು ನಾಲ್ಕು: ನಾವಿರುವ ಊರು

ವ್ಯಾಪಾರದ ಮನೆಯಲ್ಲಿ ಬೆಳೆದವರು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತಪ್ಪಿಸಬಾರದು. ಬೆಂಗಳೂರಿನ ಕುಟುಂಬವೊಂದು ಮಸಾಲೆ ವ್ಯಾಪಾರದಿಂದ ದಿಢೀರನೆ ಸ್ಥಿತಿವಂತವಾದಾಗ ಮನೆಯೊಳಗಿನ ಲೆಕ್ಕಾಚಾರ ಹೇಗೆ ಬದಲಾಗುತ್ತದೆ ಎಂಬ ಕತೆ. ಒಂದೇ ಕೂತಿನಲ್ಲಿ ಮುಗಿಯುವಷ್ಟು ಚಿಕ್ಕದು. ಶ್ರೀನಾಥ್ ಪೇರೂರು ಮಾಡಿದ ಇಂಗ್ಲಿಷ್ ಅನುವಾದ ಅದನ್ನು ಹೊರದೇಶಗಳಿಗೆ ಒಯ್ದಿತು. ಕನ್ನಡ ಓದಲು ಬಾರದ ಮಕ್ಕಳಿರುವ ಮನೆಯಲ್ಲಿ ಎರಡು ತಲೆಮಾರು ಒಟ್ಟಿಗೆ ಓದಿ ಮಾತಾಡಲು ಇದು ಹೇಳಿಮಾಡಿಸಿದ್ದು.

ಅದೇ ಊರನ್ನು ಇನ್ನೊಂದು ತುದಿಯಿಂದ ನೋಡಲು ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’. ಮಂಚನಬೆಲೆಯ ಬಾಲ್ಯ, ಶ್ರೀರಾಮಪುರದ ಕೊಳೆಗೇರಿ, ಬಡತನ, ಚಳವಳಿ ಎಲ್ಲವನ್ನೂ ನಗೆ ಬಿಡದೆ ಹೇಳುತ್ತಾರೆ. ಅಲ್ಲಿಂದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ದೇವನೂರ ಮಹಾದೇವರ ‘ಒಡಲಾಳ’. ‘ಕುಸುಮಬಾಲೆ’ಯ ಭಾಷೆ ಮೊದಲು ಎಡವಿಸುತ್ತದೆ, ಜೋರಾಗಿ ಓದಿದರೆ ಬಿಟ್ಟುಕೊಡುತ್ತದೆ.

2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲೆ ಎಷ್ಟೋ ಜನ ಇಂಗ್ಲಿಷ್ ಪುಸ್ತಕವನ್ನೇ ಕೊಂಡರು. ಕನ್ನಡ ಓದಲು ಬರುವವರು ಮೂಲದ ಕತೆಗಳನ್ನೇ ಹಿಡಿಯಿರಿ. ಪ್ರಶಸ್ತಿ ಬಂದ ಪುಸ್ತಕವನ್ನು ಓದುವಾಗ ಒಂದು ನಿಯಮ ಇಟ್ಟುಕೊಂಡರೆ ಒಳ್ಳೆಯದು: ಅದೇ ಲೇಖಕರ, ಪ್ರಶಸ್ತಿ ಬಾರದ ಇನ್ನೊಂದು ಪುಸ್ತಕವನ್ನೂ ಜತೆಗೆ ಓದುವುದು.

ಜಾಡು ಐದು: ಜಗತ್ತನ್ನು ಕನ್ನಡದಲ್ಲೇ ಸುತ್ತುವುದು

ಹೊರದೇಶದ ಸಾಹಿತ್ಯಕ್ಕೆ ಇಂಗ್ಲಿಷೇ ಬಾಗಿಲಾಗಬೇಕಿಲ್ಲ. ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕ ಹೊರತಂದ ‘ವಿಶ್ವಕಥಾಕೋಶ’ದಲ್ಲಿ 25 ಸಂಪುಟಗಳಿವೆ. ಬೇರೆಬೇರೆ ದೇಶಗಳ ಸಣ್ಣಕತೆಗಳನ್ನು ಒಂದೊಂದಾಗಿ ಸವಿದು ಯಾವ ನೆಲದ ಬರಹ ನಿಮಗೆ ಹಿಡಿಸುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ರಷ್ಯದ ಕತೆ ಹಿಡಿಸಿದರೆ ಓ.ಎಲ್. ನಾಗಭೂಷಣ ಸ್ವಾಮಿಯವರು ಅನುವಾದಿಸಿದ ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’. ಸಾಹಸ ಬೇಕೆನ್ನುವವರಿಗೆ ತೇಜಸ್ವಿ ಮತ್ತು ಪ್ರದೀಪ್ ಕೆಂಜಿಗೆ ಕನ್ನಡಕ್ಕೆ ತಂದ ‘ಪ್ಯಾಪಿಲಾನ್’. ಅನುವಾದಕರ ಹೆಸರನ್ನು ನೆನಪಿಟ್ಟುಕೊಳ್ಳಿ. ಒಬ್ಬ ಒಳ್ಳೆಯ ಅನುವಾದಕ ಆರಿಸಿಕೊಂಡ ಇತರ ಪುಸ್ತಕಗಳೂ ಸಾಮಾನ್ಯವಾಗಿ ಕೈಬಿಡುವುದಿಲ್ಲ.

ಪ್ರವಾಸ ಕಥನದಲ್ಲಿ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಎರಡನ್ನೂ ಒಟ್ಟಿಗೆ ಓದಿ. ಒಬ್ಬರು ಎಲ್ಲವನ್ನೂ ಕಣ್ಣಿಟ್ಟು ಅಳೆಯುತ್ತಾರೆ. ಇನ್ನೊಬ್ಬರು ಹೋದಲ್ಲೆಲ್ಲ ಹಾಸನ ಸೀಮೆಯ ಹಳ್ಳಿಯನ್ನು ಜತೆಗೊಯ್ಯುತ್ತಾರೆ.

ಎಲ್ಲಿ ಕೊಳ್ಳುವುದು, ಎಲ್ಲಿ ಎರವಲು ತರುವುದು

*ಅವೆನ್ಯೂ ರಸ್ತೆ:* ಮೈಸೂರು ಬ್ಯಾಂಕ್ ವೃತ್ತದ ಕಡೆಯಿಂದ ಇಳಿದರೆ ಹಳೇ ಪುಸ್ತಕದ ಅಂಗಡಿಗಳು ಸಾಲಾಗಿ ಸಿಗುತ್ತವೆ. ಬಹುಪಾಲು ಪಠ್ಯಪುಸ್ತಕ, ಎಂಜಿನಿಯರಿಂಗ್, ಸ್ಪರ್ಧಾತ್ಮಕ ಪರೀಕ್ಷೆಯ ಸರಕು. ಕಾದಂಬರಿ, ಹಳೆಯ ವಾರಪತ್ರಿಕೆ, ನಿಘಂಟು ರಾಶಿಯ ಅಡಿಯಲ್ಲಿರುತ್ತವೆ, ತಾಳ್ಮೆ ಬೇಕು. ನಿರ್ದಿಷ್ಟ ಪುಸ್ತಕ ಬೇಕೆಂದು ಹೋಗುವವರಿಗಿಂತ ಏನು ಸಿಕ್ಕರೂ ಸರಿ ಎಂದು ಹೋಗುವವರಿಗೆ ಈ ಬೀದಿ ಒಲಿಯುತ್ತದೆ. ಚೌಕಾಸಿ ಮಾಮೂಲು. ನಾಲ್ಕಾರು ಪುಸ್ತಕ ಒಟ್ಟಿಗೆ ತೆಗೆದು ಕೊನೆಯಲ್ಲಿ ಒಂದೇ ಬೆಲೆ ಕೇಳುವುದು ಇಲ್ಲಿ ನಡೆಯುವ ಲೆಕ್ಕ. ಹತ್ತಿರದ ಮೆಟ್ರೊ ನಿಲ್ದಾಣ ಚಿಕ್ಕಪೇಟೆ.

*ಜೆ.ಸಿ. ರಸ್ತೆಯ ಕನ್ನಡ ಭವನ:* ಕರ್ನಾಟಕ ಸಾಹಿತ್ಯ ಅಕಾಡೆಮಿ, ಕನ್ನಡ ಪುಸ್ತಕ ಪ್ರಾಧಿಕಾರ ಎರಡೂ ಇಲ್ಲಿವೆ. ಸರ್ಕಾರಿ ಪ್ರಕಟಣೆಗಳ ಬೆಲೆ ಕಡಿಮೆ. ರಾಜ್ಯೋತ್ಸವದ ತಿಂಗಳಲ್ಲಿ ಮತ್ತಷ್ಟು ರಿಯಾಯಿತಿ ಇರುವುದುಂಟು. ದೊಡ್ಡ ಸಂಪುಟಗಳನ್ನು ಕೊಳ್ಳುವ ಆಸೆಯಿದ್ದರೆ ನವೆಂಬರ್‌ವರೆಗೆ ತಡೆಯಿರಿ.

*ಚಾಮರಾಜಪೇಟೆ:* 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಗ್ರಂಥಾಲಯವೂ ಪುಸ್ತಕ ಮಾರಾಟವೂ ಇವೆ. ಹಳಗನ್ನಡ ಕಾವ್ಯ, ನಿಘಂಟು, ಛಂದಸ್ಸು ಬೇಕೆಂದರೆ ಮೊದಲು ಇಲ್ಲಿ ವಿಚಾರಿಸಿ.

*ಬಸವನಗುಡಿ, ಎನ್.ಆರ್. ಕಾಲೊನಿ:* ಗಾಂಧಿ ಬಜಾರಿನ ಅಂಕಿತ ಪುಸ್ತಕದಲ್ಲಿ ಹೊಸ ಕನ್ನಡ ಪುಸ್ತಕಗಳು ಬೇಗ ಬರುತ್ತವೆ. ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಮತ್ತು ಡಿ.ವಿ.ಜಿ. ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಎರಡೂ 1945ರವು, ಎರಡರಲ್ಲೂ ಗ್ರಂಥಾಲಯಗಳಿವೆ. ಹಳೆಯ ಕನ್ನಡ ಸಾಹಿತ್ಯದ ಸಂಶೋಧನೆಗೆ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನವಿದೆ.

*ಗಾಂಧಿನಗರ:* ಸಪ್ನ, ನವಕರ್ನಾಟಕ ಮಳಿಗೆಗಳು. ಎಲ್ಲ ಪ್ರಕಾರಗಳೂ ಒಂದೇ ಸೂರಿನಡಿ ಇರುವುದರಿಂದ ಪ್ರಕಾರ ದಾಟುವ ಅಭ್ಯಾಸಕ್ಕೆ ಒಳ್ಳೆಯ ಜಾಗ. ಇಂಗ್ಲಿಷಿನ ಹಳೇ ಪುಸ್ತಕಗಳಿಗೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರಸ್ತೆಯ ಬದಿಯ ಸೆಲೆಕ್ಟ್.

*ಸಾರ್ವಜನಿಕ ಗ್ರಂಥಾಲಯ:* 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ, ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಅಂದರೆ ದುಡ್ಡು ಆಗಲೇ ಕೊಟ್ಟಿದ್ದೀರಿ, ಪುಸ್ತಕ ತರುವುದಷ್ಟೇ ಬಾಕಿ. ವಿಳಾಸದ ದಾಖಲೆ, ಭಾವಚಿತ್ರ, ವಾಪಸಾಗುವ ಸಣ್ಣ ಠೇವಣಿ ಇದ್ದರೆ ಬಡಾವಣೆಯ ಶಾಖೆಯಲ್ಲಿ ಸದಸ್ಯರಾಗಬಹುದು. ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ರಾಜ್ಯದಲ್ಲಿ ಪ್ರಕಟವಾಗುವ ಪುಸ್ತಕಗಳ ಪ್ರತಿಗಳು ಕಾಯ್ದೆಯಂತೆ ಸಲ್ಲಬೇಕು. ಅಂಗಡಿಯಲ್ಲಿ ಸಿಗದ ಶೀರ್ಷಿಕೆಯನ್ನು ಅಲ್ಲಿ ವಿಚಾರಿಸಿ.

*ಮೊಬೈಲಿನಲ್ಲಿ:* ಮೈಲ್ಯಾಂಗ್‌ನಲ್ಲಿ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳಿವೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್, ಕನ್ನಡ ವಿಕಿಸೋರ್ಸ್‌ಗಳಲ್ಲಿ ಉಚಿತ. ಹುಡುಕುವಾಗ ಶೀರ್ಷಿಕೆಯನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಎರಡೆರಡು ಥರ ಬರೆದು ನೋಡಿ. ಮಾರಾಟದಲ್ಲಿರುವ ಪುಸ್ತಕದ ಪಿಡಿಎಫ್ ವಾಟ್ಸ್‌ಆ್ಯಪಿನಲ್ಲಿ ಬಂದರೆ ಅಲ್ಲಿಗೇ ನಿಲ್ಲಿಸಿ. ಒಂದು ಮುದ್ರಣಕ್ಕೆ ಸಾವಿರ ಪ್ರತಿ ಹಾಕಲು ಯೋಚಿಸುವ ಪ್ರಕಾಶಕರಿಗೆ ಅದರಿಂದ ಬೀಳುವ ಏಟು ಸಣ್ಣದಲ್ಲ.

ಹಳೇ ಪುಸ್ತಕ ಕೊಳ್ಳುವ ಮುನ್ನ

ಮೊದಲು ಮುದ್ರಣ ವಿವರದ ಪುಟ ನೋಡಿ. ಮೊದಲ ಮುದ್ರಣದ ವರ್ಷ, ಮರುಮುದ್ರಣಗಳ ವರ್ಷ, ಪುಟ ಸಂಖ್ಯೆ, ಆಕಾರ ಅಲ್ಲಿರುತ್ತವೆ. ಮೇಲಿಂದ ಮೇಲೆ ಮರುಮುದ್ರಣ ಕಂಡ ಪುಸ್ತಕಕ್ಕೆ ದುಬಾರಿ ತೆರಬೇಡಿ, ಹೊಸ ಪ್ರತಿಯೇ ಸಿಕ್ಕೀತು. ಒಂದೇ ಮುದ್ರಣಕ್ಕೆ ನಿಂತುಹೋದದ್ದಾದರೆ ಕೈಬಿಡಬೇಡಿ.

ಡೆಮಿ ಅಷ್ಟಕ ಆಕಾರದ ಪುಸ್ತಕಗಳನ್ನು ಸಾಮಾನ್ಯವಾಗಿ 16 ಪುಟಗಳ ಫಾರಂಗಳಾಗಿ ಅಚ್ಚು ಹಾಕಿ ಹೊಲಿಯುತ್ತಾರೆ. ಹಾಳೆ ಕಳಚಿದರೆ ಒಂದೆರಡು ಹೋಗುವುದುಂಟು, ಹೋದರೆ ಇಡೀ ಫಾರಂ ಹೋಗುವುದೂ ಉಂಟು. ಆದ್ದರಿಂದ ಪುಟ 16, 32, 48, 64ರ ಆಸುಪಾಸು ತಿರುವಿ ಸಂಖ್ಯೆ ಸರಿಯಾಗಿ ಮುಂದುವರಿದಿದೆಯೇ ನೋಡಿ. ಕೊನೆಯ ಪುಟ ಖಂಡಿತ ನೋಡಿ. ಪತ್ತೇದಾರಿ ಕಾದಂಬರಿಯಲ್ಲಂತೂ ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ನಕಾಶೆ, ಚಿತ್ರಪುಟಗಳನ್ನು ಕತ್ತರಿಸಿಕೊಂಡವರಿದ್ದಾರೆ, ಅದನ್ನೂ ಗಮನಿಸಿ.

ಬೆನ್ನಿನ ಬಳಿ ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳುವಿದೆ. ಅಂಥದ್ದನ್ನು ನೇರವಾಗಿ ಮನೆಯ ಕಪಾಟಿಗೆ ಸೇರಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೇರೆ ಇಟ್ಟು, ಪುಟಪುಟ ಕೊಡವಿ, ಗಾಳಿಯಾಡುವ ನೆರಳಿನಲ್ಲಿ ಹರಡಿ. ಸುಡುಬಿಸಿಲು ಹಳೆಯ ಕಾಗದವನ್ನು ಹಪ್ಪಳ ಮಾಡುತ್ತದೆ. ಹರಿದ ಪುಟಕ್ಕೆ ಸೆಲ್ಲೊ ಟೇಪ್ ಬೇಡ, ಕೆಲವೇ ವರ್ಷಗಳಲ್ಲಿ ಕಂದಿ ಅಕ್ಷರವನ್ನೇ ತಿನ್ನುತ್ತದೆ. ತೆಳು ಕಾಗದದ ಪಟ್ಟಿ, ಮೈದಾ ಅಂಟು ಸಾಕು. ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುವುದು ಬೈಂಡಿಂಗ್‌ನವರ ಹಳೆಯ ರೂಢಿ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಆ ಕೆಲಸ ಬೈಂಡಿಂಗ್‌ನವರಿಗೇ ಬಿಡಿ.

ಯಾರಿಗೆ ಯಾವುದು

*ಅಂಗಡಿಯಲ್ಲಿ ಗಿರಾಕಿಗಳ ನಡುವೆ ಓದುವವರಿಗೆ:* ಬೀಚಿಯವರ ‘ತಿಂಮನ ತಲೆ’, ನಾ. ಕಸ್ತೂರಿಯವರ ‘ಅನರ್ಥಕೋಶ’. ಎಲ್ಲಿ ಬಿಟ್ಟರೂ ಎಲ್ಲಿಂದ ಹಿಡಿದರೂ ನಷ್ಟವಿಲ್ಲ. ಡಾ. ಎಂ. ಶಿವರಾಂ ನಡೆಸುತ್ತಿದ್ದ ‘ಕೊರವಂಜಿ’ಯ ಹಳೆಯ ಸಂಚಿಕೆ ಸಿಕ್ಕರೆ ಬಿಡಬೇಡಿ, ಆರ್.ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದಿದ್ದಾರೆ.

*ಓದು ಬಿಟ್ಟುಹೋದವರಿಗೆ:* ದಪ್ಪ ಕಾದಂಬರಿ ಬೇಡ. ಮಾಸ್ತಿಯವರ ಸಣ್ಣಕತೆಗಳು, ವೈದೇಹಿಯವರ ಕತೆಗಳು, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’.

*ಪ್ರಾಥಮಿಕ ಶಾಲೆಯ ಮಕ್ಕಳಿಗೆ:* ರಾಜರತ್ನಂ ಪದ್ಯಗಳು, ‘ದಿನಕ್ಕೊಂದು ಕಥೆ’, ರಾಷ್ಟ್ರೋತ್ಥಾನದ 510 ಕಿರುಹೊತ್ತಗೆಗಳ ‘ಭಾರತ ಭಾರತಿ’. ಅಮರ ಚಿತ್ರಕಥೆ ಕೊಡಿಸುವವರಿಗೊಂದು ಸ್ವಾರಸ್ಯ: ಆ ಸರಣಿಯ ಮೊದಲ ಹತ್ತು ಸಂಚಿಕೆಗಳು ಬಂದದ್ದು ಬೆಂಗಳೂರಿನಿಂದ, ಕನ್ನಡದಲ್ಲಿ.

*ವಿಜ್ಞಾನ ಓದುವ ಹರೆಯದವರಿಗೆ:* ತೇಜಸ್ವಿಯವರ ‘ಪರಿಸರದ ಕತೆ’, ಮಿಲೇನಿಯಂ ಮಾಲೆ. ವೈಜ್ಞಾನಿಕ ಕತೆಗಳ ರುಚಿಯಿದ್ದರೆ ರಾಜಶೇಖರ ಭೂಸನೂರಮಠ.

*ಕಣ್ಣು ಮಂಜಾದ ಹಿರಿಯರಿಗೆ:* ಕೇಳುಪುಸ್ತಕಗಳಿವೆ. ಆದರೆ ಮನೆಯವರೇ ದಿನಕ್ಕೊಂದು ಅಧ್ಯಾಯ ಓದಿ ಹೇಳಿದರೆ ಇಬ್ಬರಿಗೂ ಲಾಭ. ತ್ರಿವೇಣಿ, ಅನಕೃ ಕಾದಂಬರಿಗಳು ಗಟ್ಟಿಯಾಗಿ ಓದಲು ಸಲೀಸು.

ಓದಿದ್ದನ್ನು ಹಂಚುವ ಬಗೆ

ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ರಾಜರತ್ನಂ ತಮ್ಮ ಪುಸ್ತಕಗಳನ್ನು ತಾವೇ ಒಯ್ದು ಓದುಗರ ಕೈಗಿಟ್ಟರು. ‘ಕಸ್ತೂರಿ’ ಮಾಸಪತ್ರಿಕೆಯ ಕೊನೆಯ ಪುಸ್ತಕ ವಿಭಾಗ ಎಷ್ಟೋ ಕೃತಿಗಳನ್ನು ಸಂಗ್ರಹವಾಗಿ ಮನೆಮನೆಗೆ ಮುಟ್ಟಿಸಿತು. ಕನ್ನಡದಲ್ಲಿ ಪುಸ್ತಕ ಹೀಗೆ ಕೈಯಿಂದ ಕೈಗೆ ದಾಟಿಯೇ ಬೆಳೆದಿದೆ. ಇವತ್ತು ಆ ಕೆಲಸ ಓದುಗರದೂ ಹೌದು.

ಪುಸ್ತಕ ಶಿಫಾರಸು ಮಾಡುವಾಗ ‘ಅದ್ಭುತ, ಓದಲೇಬೇಕು’ ಎಂದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ನಾಲ್ಕು ಸಂಗತಿ ಹೇಳಿ: ಇದು ಯಾವುದರ ಬಗ್ಗೆ, ಯಾರಿಗೆ ಹಿಡಿಸೀತು, ಎಲ್ಲಿ ಬೇಸರ ಬರಬಹುದು, ಎಲ್ಲಿ ಸಿಗುತ್ತದೆ. ಮೂರನೆಯದನ್ನು ಬಿಡಬೇಡಿ. ‘ಮೊದಲ ನಲವತ್ತು ಪುಟ ನಿಧಾನ, ಆಮೇಲೆ ಓಡುತ್ತದೆ’ ಎಂಬ ಒಂದು ಮಾತು ಎಷ್ಟೋ ಪುಸ್ತಕಗಳನ್ನು ಉಳಿಸಿದೆ. ಅಂತ್ಯವನ್ನು ಮಾತ್ರ ಬಿಟ್ಟುಕೊಡಬೇಡಿ.

ಕೇಳಿದವರ ರುಚಿ ಗೊತ್ತಿಲ್ಲದಿದ್ದರೆ ‘ಯಾವ ಪುಸ್ತಕ ಇಷ್ಟ’ ಎಂದು ಕೇಳಬೇಡಿ, ಎಲ್ಲರೂ ದೊಡ್ಡ ಹೆಸರನ್ನೇ ಹೇಳುತ್ತಾರೆ. ‘ಇತ್ತೀಚೆಗೆ ಯಾವ ವಿಷಯ ತಲೆ ತಿನ್ನುತ್ತಿದೆ’ ಎಂದು ಕೇಳಿ. ಮಗಳ ಪ್ರೇಮವಿವಾಹ, ಬತ್ತಿದ ಬೋರ್‌ವೆಲ್, ಅಜ್ಜನ ಊರು, ಬಾಣಂತಿ ಪಥ್ಯ ಯಾವುದೇ ಇರಲಿ, ಕನ್ನಡದಲ್ಲಿ ಅದಕ್ಕೊಂದು ಪುಸ್ತಕವಿದೆ.

ಎರವಲು ಕೊಡುವವರು ಒಂದು ಪುಸ್ತಕಕ್ಕೆ ಒಂದು ಸಾಲಿನಂತೆ ಲೆಕ್ಕ ಬರೆದಿಡಿ: ಶೀರ್ಷಿಕೆ, ಒಯ್ದವರು, ತಾರೀಖು. ವರಮಹಾಲಕ್ಷ್ಮಿ, ದೀಪಾವಳಿಗೆ ಮನೆ ಗುಡಿಸುವ ಹೊತ್ತಿನಲ್ಲಿ ಆ ಲೆಕ್ಕ ತೆಗೆದು ನೆನಪಿಸಿದರೆ ಯಾರಿಗೂ ಮುಜುಗರವಿಲ್ಲ. ಮತ್ತೆ ಸಿಗದ ಪುಸ್ತಕವನ್ನು ಎರವಲು ಕೊಡಬೇಡಿ, ಮನೆಗೆ ಕರೆದು ಓದಿಸಿ. ಎರಡನೆಯ ಪ್ರತಿ ಅಗ್ಗವಾಗಿ ಸಿಕ್ಕಾಗ ಕೊಂಡಿಟ್ಟರೆ ಅದೇ ದಾನದ ಪ್ರತಿ.

ನಾಲ್ಕೈದು ಮನೆಯವರು ಸೇರಿ ಓದುವ ಕೂಟ ಮಾಡುವುದಾದರೆ, ಎಲ್ಲರೂ ಒಂದೇ ಪುಸ್ತಕ ಓದಬೇಕೆಂಬ ಹಟ ಬೇಡ. ತಿಂಗಳಿಗೊಂದು ವಿಷಯ ಇಟ್ಟುಕೊಳ್ಳಿ. ‘ನೀರು’ ಎಂದರೆ ಒಬ್ಬರು ಕಾದಂಬರಿ ತರಲಿ, ಒಬ್ಬರು ಕೆರೆಗಳ ಚರಿತ್ರೆ, ಇನ್ನೊಬ್ಬರು ಶಾಸನ, ಮಕ್ಕಳು ಒಂದು ಪದ್ಯ. ಪುಸ್ತಕ ಸಿಗಲಿಲ್ಲ ಎಂಬ ನೆಪ ಯಾರಿಗೂ ಇರುವುದಿಲ್ಲ. ಒಂದು ಸಂಜೆಯಲ್ಲಿ ಎಲ್ಲರಿಗೂ ನಾಲ್ಕು ಕಪಾಟು ತೆರೆದಿರುತ್ತವೆ.

ಈ ತಿಂಗಳಿಗೆ

ಈಗ ಓದುತ್ತಿರುವ ಪುಸ್ತಕದಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಸಂಗತಿಯನ್ನು ಆರಿಸಿಕೊಳ್ಳಿ: ಒಂದು ಊರು, ಕಸುಬು, ರೋಗ, ಮರ, ಏನಾದರೂ ಸರಿ. ಅದರ ಬಗ್ಗೆ ಬೇರೆ ಪ್ರಕಾರದ ಒಂದು ಪುಸ್ತಕವನ್ನು ಗ್ರಂಥಾಲಯದಿಂದ ತನ್ನಿ. ಎರವಲಾದ್ದರಿಂದ ಹಿಡಿಸದಿದ್ದರೆ ಐವತ್ತು ಪುಟಕ್ಕೆ ಬಿಡಬಹುದು, ಕಾಸಿನ ಸಂಕಟವಿಲ್ಲ. ಹಿಡಿಸಿದರೆ ಅದರ ಮುನ್ನುಡಿಯಲ್ಲೋ ಟಿಪ್ಪಣಿಯಲ್ಲೋ ಹೆಸರಿಸಿರುವ ಇನ್ನೊಂದು ಪುಸ್ತಕವನ್ನು ಗುರುತು ಹಾಕಿಕೊಂಡು ಅವೆನ್ಯೂ ರಸ್ತೆಗೆ ಹೋಗಿ. ಅಲ್ಲಿ ಅದು ಸಿಗದೆ ಬೇರೆಯದೇ ಸಿಕ್ಕರೆ ಅದನ್ನೂ ತನ್ನಿ.